ಓದಲಾಗದ ಆ ಒಂದು ಸಾಲು

ಶಹಾಪುರದಲ್ಲಿ ನಮ್ಮ ಚಿತ್ರಸಮಾಜ ಸಿನಿಮಾ ತೋರಿಸುತ್ತಿದ್ದದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ. ಆ ದಿನ ಮದುವೆ ಇದ್ದರೆ ಸಿನಿಮಾ ಇಲ್ಲ. ಹಾಲಿಗೆ ಕತ್ತಲು ಬರಬೇಕೆಂದರೆ ಕಿಟಕಿಗಳಿಗೆ ತಾಡಪತ್ರಿ ಕಟ್ಟಬೇಕಿತ್ತು. ಅವು ಒಬ್ಬ ಸದಸ್ಯರ ಹೊಲದಿಂದ ಬರುತ್ತಿದ್ದವು. ಹತ್ತಿ ಬಿಡಿಸುವಾಗ, ರಾಶಿ ಮಾಡುವಾಗ ತಾಡಪತ್ರಿ ಹೊಲಕ್ಕೆ ಬೇಕು, ಆಗಲೂ ಸಿನಿಮಾ ಇಲ್ಲ. ಉಳಿದ ತಿಂಗಳುಗಳಲ್ಲಿ, ಸಾರಿನ ವಾಸನೆ ಎಂದೂ ಬಿಟ್ಟುಹೋಗದ ಆ ಹಾಲಿನಲ್ಲಿ ಕೂತು ನಾವು ಯಾವ್ಯಾವುದೋ ದೇಶದ ನಗೆಯ ಸಿನಿಮಾಗಳನ್ನು ನೋಡುತ್ತಿದ್ದೆವು.

ಮೊದಲು ನಗೆಯದೇ ಬೇಕು ಎಂದೇನೂ ಇರಲಿಲ್ಲ. ಸಮಾಜ ಕಟ್ಟಿದ ನಿವೃತ್ತ ಪ್ರಾಧ್ಯಾಪಕರಿಗೆ ಗಂಭೀರ ಸಿನಿಮಾಗಳ ಮೇಲೆ ಪ್ರೀತಿ. ಮೊದಲ ತಿಂಗಳು ಅಂಥದ್ದೇ ಒಂದನ್ನು ತೋರಿಸಿದರು. ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಹಾಲ್ ಖಾಲಿ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಮಾಲರನ್ನು ಸರ್ ಕೇಳಿದರು, ಯಾಕೆ ಎದ್ದು ಬಂದಿರಿ ಅಂತ. ಅವರು ಬೀಡಿ ಆರಿಸಿ ಹೇಳಿದರು: "ಅಳೂದು ಮನ್ಯಾಗ ಪುಕ್ಕಟೆ ಸಿಗತದ್ರಿ ಸರ. ಅದಕ್ಕ ಇಲ್ಲೀತನ ಯಾಕ ಬರಬೇಕು?" ಸರ್ ಒಳ್ಳೆಯ ಮನುಷ್ಯ. ಮುಂದಿನ ತಿಂಗಳಿಂದ ನಗೆಯ ಸಿನಿಮಾ ಶುರುವಾಯಿತು.

ನಾನು ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಸಮಾಜದಲ್ಲಿ ನನ್ನ ಕೆಲಸ ಒಂದೇ. ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ಮೈಕು ಹಿಡಿದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳುವುದು. ಬಂದವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬಾರದು, ಕೆಲವರಿಗೆ ಓದೇ ಬಾರದು. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಯಾರೂ ನಗುವುದಿಲ್ಲ ಎನ್ನುವುದು ಮೊದಲ ದಿನವೇ ಗೊತ್ತಾಯಿತು. ಹಾಗಾಗಿ ಸುರಪುರದ ಪಕ್ಕದ ನಮ್ಮೂರು ರಂಗಂಪೇಟೆಯ ಮಾತಿನಲ್ಲೇ ಹೇಳತೊಡಗಿದೆ. ಕೋಟು ತೊಟ್ಟ ಬಿಳಿಯ ಸಾಹೇಬರು ಪರದೆಯ ಮೇಲೆ "ಏನ್ ಮಾರಾಯ, ಎಲ್ಲಿ ಹಾಳಾಗಿ ಹೋಗಿದ್ದಿ" ಅಂದರೆ ಹಾಲೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ನಮ್ಮ ಅಪ್ಪ, ಅವ್ವ ಕೂಲಿಗೆ ಹೋದವರು. ಅವರ ಅಪ್ಪ, ಅವ್ವಂದಿರೂ ಕೂಲಿಗೇ ಹೋದವರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾದವಳು ನಾನು. ಮತ್ತೆ ಕಟ್ಟಿ ಪಾಸಾಗಿ, ಬಿ.ಎ.ಯಲ್ಲಿ ಹಟಕ್ಕೆ ಬಿದ್ದು ಅದೇ ಇಂಗ್ಲಿಷನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು, ಎರಡನೇ ದರ್ಜೆಯಲ್ಲಿ ಮುಗಿಸಿದೆ. ಆ ಮೈಕು ಹಿಡಿದು ಕೂತಾಗ ನನಗೆ ಸಂಬಳದ ದಿನಕ್ಕಿಂತ ಹೆಚ್ಚು ಸುಖವಾಗುತ್ತಿತ್ತು. ಇಷ್ಟು ಮಂದಿಯಲ್ಲಿ ಆ ಸಾಲು ಓದಬಲ್ಲವಳು ನಾನು. ನಾನು ಹೇಳಿದರೇ ಅವರು ನಗುತ್ತಾರೆ.

ಆ ಡಿಗ್ರಿಯ ಹಿಂದೆ ಇದ್ದವಳು ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ನಾನು ಹುಟ್ಟಿದ ಮೇಲೆ ನನ್ನನ್ನು ಎತ್ತಿಕೊಳ್ಳಲು ಯಾರಾದರೂ ಬೇಕಲ್ಲ, ಅದಕ್ಕೆ ಶಾಲೆ ಬಿಟ್ಟಳು. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡು ಕೂಡಿಸಿ ಓದುತ್ತಾಳೆ, ಅಷ್ಟೇ. ನಾನು ಪಿಯುಸಿ ಇಂಗ್ಲಿಷ್ ಮತ್ತೆ ಕಟ್ಟಿದಾಗ ದಿನಾ ಸಂಜೆ ಒಲೆಯ ಮುಂದೆ ಕೂಡಿಸಿಕೊಂಡು ಜೋರಾಗಿ ಓದಿಸುತ್ತಿದ್ದಳು. ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ನಾನು ನಿಂತರೆ ಮಾತ್ರ ತಿಳಿಯುತ್ತಿತ್ತು. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಗದ್ದ ಎತ್ತುತ್ತಿದ್ದಳು.

"ಯಾಕ ನಿಂತಿ? ಬರಂಗಿಲ್ಲೇನು?"

"ಬರತದ."

"ಬರತದಂದ್ರ ಓದು ಮುಂದ."

ಬಾರದ ಶಬ್ದ ಬಂದರೆ ನಾನು ಬಾಯಿಗೆ ಬಂದದ್ದೊಂದು ಸಪ್ಪಳ ಮಾಡಿ ಮುಂದೆ ಹೋಗುತ್ತಿದ್ದೆ. ಅಕ್ಕನ ಮುಂದೆ ನಿಲ್ಲಬಾರದು, ಅಷ್ಟೇ. ಆ ಚಟ ನನ್ನನ್ನು ಬಿಡಲೇ ಇಲ್ಲ.

ನಾನು ಮೈಕು ಹಿಡಿಯುತ್ತೇನೆ ಎಂದು ಗೊತ್ತಾದ ಮೇಲೆ ಅಕ್ಕ ರಂಗಂಪೇಟೆಯಿಂದ ಬರತೊಡಗಿದಳು. ಅಲ್ಲಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಜೊತೆಗೆ ಅಡುಗೆಯ ಗೆಳತಿಯರು ಮೂವರು. ಅವರಲ್ಲಿ ಒಬ್ಬಾಕೆ ಬೋನಾಳದವಳು, ಬಾಯಿ ಬಹಳ. ನಾಲ್ವರೂ ಬಸ್ಸಿಳಿದು, ಮುಖ ತೊಳೆದು, ಎರಡನೇ ಸಾಲಿನಲ್ಲಿ ಒಟ್ಟಿಗೆ ಕೂಡುವರು. ಅಕ್ಕ ಸಿನಿಮಾ ನೋಡುವುದಕ್ಕಿಂತ ಹೆಚ್ಚು ನನ್ನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಯಾರೇ ಕೂತಿರಲಿ, ಸಿನಿಮಾ ಶುರುವಾಗುವ ಮೊದಲು ಹೇಳಿಬಿಡುತ್ತಿದ್ದಳು: "ಆಕಿ ನಮ್ ತಂಗಿ. ಆಕಿ ನೋಡಿ ನೋಡಿ ಹೇಳ್ತಾಳ. ಎಲ್ಲಾ ಇಂಗ್ಲಿಷ್ ಇರತದ."

ನನ್ನ ಮಾತಿಗೆ ಜನ ಅಷ್ಟು ನಗುತ್ತಿದ್ದದ್ದಕ್ಕೆ ಒಂದು ಗುಟ್ಟಿತ್ತು. ಸಾಲಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತಿದ್ದೆ. ಆ ಹೆಚ್ಚಿನದೆಲ್ಲ ಅಕ್ಕನದು. ಒಂದು ಸಿನಿಮಾದಲ್ಲಿ ಮದುವೆಯ ಬೆಳಿಗ್ಗೆ ಮದುಮಗನ ಪ್ಯಾಂಟು ಇಸ್ತ್ರಿಗೆ ಸುಟ್ಟುಹೋಗುತ್ತದೆ. ಅವನು ಬಾಗಿಲು ಹಾಕಿಕೊಂಡು ಅಳುತ್ತಾನೆ. ಅಜ್ಜಿ ಹೊರಗೆ ನಿಂತು ಬಹಳ ಹೊತ್ತು ಬೈಯುತ್ತಾಳೆ. ಕೆಳಗೆ ಬಂದದ್ದು ಒಂದೇ ಸಾಲು. ನಾನು ಹೇಳಿದೆ: "ಹುಟ್ಟುವಾಗೇನ್ ಪ್ಯಾಂಟ್ ಹಾಕ್ಕೊಂಡ್ ಬಂದಿದ್ದೇನು? ಹಂಗ ಬಾ ಹೊರಗ. ನಾನ ನೋಡಿಲ್ಲೇನು ನಿನ್ನ?" ಶಾಲೆಗೆ ಹಾಕಿಕೊಳ್ಳಲು ಲಂಗ ಒಣಗಿಲ್ಲವೆಂದು ನಾನು ಅತ್ತಾಗ ಅಕ್ಕ ಬೈದದ್ದು ಹೀಗೇ. ಹಾಲೆಲ್ಲ ನಗೆಯಲ್ಲಿ ಮುಳುಗಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೆಳತಿಯರನ್ನು ತಿವಿಯುತ್ತಿದ್ದಳು. ಹೊರಗೆ ಬಂದ ಮೇಲೆ ನನ್ನ ಕಿವಿ ಹಿಡಿದಳು.

"ನನ್ನ ಮಾತ್ ತಗೊಂಡ್ ಹೋಗಿ ಆ ಮುದುಕಿ ಬಾಯಾಗ ಹಾಕ್ತಿಯಲ್ಲ."

"ಆಕಿನೂ ಹಂಗ ಅಂದ್ಳು ಅಕ್ಕ."

"ಅಂದಿರ್ತಾಳ. ಮುದುಕ್ಯಾರೆಲ್ಲ ಎಲ್ಲಿದ್ರೂ ಒಂದ."

ಅವಳಿಗೆ ಒಳಗೊಳಗೇ ಖುಷಿ ಎಂದು ನನಗೆ ಗೊತ್ತಿತ್ತು. ಹಾಗಾಗಿ ಅವಳ ಮಾತುಗಳನ್ನು ತೆಗೆದುಕೊಳ್ಳುತ್ತಲೇ ಹೋದೆ. ಕೇಳಿ ತೆಗೆದುಕೊಳ್ಳಬೇಕೆಂದು ಅನಿಸಲೇ ಇಲ್ಲ.

ಅಕ್ಕನ ಗಂಡನ ವಿಷಯ ಇಲ್ಲಿ ಹೇಳಬೇಕು. ಅವನು ಹೊಳೆ ದಂಡೆಯ ಊರಿನವನು. ಮದುವೆಯಾದ ಎರಡನೇ ವರ್ಷ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ, ಅಕ್ಕ ನಮ್ಮ ಮನೆಗೆ ಬಂದಳು. ಪಂಚಮಿಗೆ ಬರುತ್ತೇನೆ, ನಾಳೆ ಬೆಳಿಗ್ಗೆ ಸುರಪುರದಲ್ಲಿ ಇಳಿಯುತ್ತೇನೆ ಎಂದು ಫೋನು ಮಾಡಿದ. ಅಕ್ಕ ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಅವನು ಇಳಿಯಲಿಲ್ಲ. ಫೋನು ಹತ್ತಲಿಲ್ಲ. ಅಲ್ಲಿಯ ಚಹಾದಂಗಡಿಯವರು ಕೇಳಿದರಂತೆ, ಬರಲಿಲ್ಲೇನಮ್ಮ ಅಂತ. "ಬಸ್ ತಪ್ಪಿರಬೇಕ್ರಿ, ನಾಳಿ ಬರ್ತಾನ" ಅಂದಳು. ಮರುದಿನವೂ ಹೋದಳು. ಮರುದಿನವೂ ಅದೇ ಮಾತು. ಪಂಚಮಿ ಹೋಗಿ ದಸರೆ ಬಂತು, ದೀಪಾವಳಿ ಬಂತು. ಅಕ್ಕ ವಾರಕ್ಕೆರಡು ಸಲವಾದರೂ ಹೋಗಿ ಕೂಡುತ್ತಿದ್ದಳು. ಎರಡು ವರ್ಷದ ಮೇಲೆ ನಮ್ಮ ಕಡೆಯವರೊಬ್ಬರು ಅವನನ್ನು ಪುಣೆಯಲ್ಲೇ ಕಂಡರು. ಜೊತೆಗೆ ಇನ್ನೊಬ್ಬ ಹೆಂಡತಿ ಇದ್ದಳು, ಅವಳ ಸೊಂಟದ ಮೇಲೆ ಕೂಸಿತ್ತು. ಆ ಸುದ್ದಿ ಬಂದ ದಿನ ಅಕ್ಕ ಬುತ್ತಿಯ ಡಬ್ಬಿಯನ್ನು ತಿಕ್ಕಿ ಅಟ್ಟದ ಮೇಲೆ ಇಟ್ಟಳು. ಅತ್ತದ್ದನ್ನು ನಾನು ನೋಡಲಿಲ್ಲ.

ಆದರೆ ಅಷ್ಟರಲ್ಲಿ ಆ ಮಾತು ಊರಿಗೆ ಸಿಕ್ಕಿಬಿಟ್ಟಿತ್ತು. ಸುರಪುರದಲ್ಲಿ, ರಂಗಂಪೇಟೆಯಲ್ಲಿ ಯಾರು ತಡವಾಗಿ ಬಂದರೂ, ಯಾವುದು ಬರದೇ ಹೋದರೂ, ಒಬ್ಬರಲ್ಲ ಒಬ್ಬರು "ಬಸ್ ತಪ್ಪಿರಬೇಕ್ರಿ, ನಾಳಿ ಬರ್ತಾನ" ಅನ್ನುವರು, ಉಳಿದವರು ನಗುವರು. ಕಾಲೇಜಿನಲ್ಲಿ ಉಪನ್ಯಾಸಕರು ಬಾರದ ಒಂದು ದಿನ ನನ್ನ ಹಿಂದಿನ ಬೆಂಚಿನ ಹುಡುಗಿ ಅದನ್ನೇ ಅಂದಳು. ತರಗತಿ ನಕ್ಕಿತು. ನಾನು ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ. ಡಿಗ್ರಿ ಮುಗಿಯುವವರೆಗೂ ಆ ಹುಡುಗಿಯ ಜೊತೆ ಮಾತಾಡಲಿಲ್ಲ.

ಇದೆಲ್ಲ ಹತ್ತು ವರ್ಷಕ್ಕೂ ಹಿಂದಿನದು. ಜನ ಮರೆತರು. ಜನ ಮರೆಯುತ್ತಾರೆ, ಅದೊಂದು ಪುಣ್ಯ.

ಸಾಮಾನ್ಯವಾಗಿ ಸಿನಿಮಾವನ್ನು ನಾನು ಹಿಂದಿನ ದಿನ ಒಂದು ಸಲ ನೋಡಿಕೊಳ್ಳುತ್ತಿದ್ದೆ. ಸಮಾಜದ ಸದಸ್ಯರಾದ ಫೋಟೋ ಸ್ಟುಡಿಯೋದವರ ಕಂಪ್ಯೂಟರಿನಲ್ಲಿ ಕೂತು, ಕಷ್ಟದ ಸಾಲುಗಳನ್ನು ನಿಲ್ಲಿಸಿ ಬರೆದುಕೊಳ್ಳುತ್ತಿದ್ದೆ. ಆ ತಿಂಗಳು ಹಾಗಾಗಲಿಲ್ಲ. ಗೊತ್ತು ಮಾಡಿದ್ದ ಸಿನಿಮಾ ಅರ್ಧಕ್ಕೆ ನಿಂತುಹೋಗುತ್ತಿತ್ತು. ಭಾನುವಾರ ಮಧ್ಯಾಹ್ನ ಯಾದಗಿರಿಯ ಸದಸ್ಯರೊಬ್ಬರು ಪೆನ್‌ಡ್ರೈವಿನಲ್ಲಿ ಬೇರೆಯದನ್ನು ತಂದರು. ಹಾಲ್ ತುಂಬಿತ್ತು. ಸರ್ ನನ್ನನ್ನು ಕೇಳಿದರು.

"ನೋಡದೇ ಹೇಳೋದಕ್ಕಾಗುತ್ತೇನಮ್ಮ? ಇಲ್ಲಾಂದ್ರೆ ಮುಂದಿನ ತಿಂಗಳಿಗೆ ಇಟ್ಕೊಳ್ಳೋಣ."

"ಆಗ್ತದ್ರಿ ಸರ," ಅಂದೆ. ಎರಡನೇ ಸಾಲಿನಲ್ಲಿ ಅಕ್ಕ ಆಗಲೇ ಬಂದು ಕೂತಿದ್ದಳು.

ಯುರೋಪಿನ ಯಾವುದೋ ಸಣ್ಣ ಊರಿನ ಕಥೆ. ಅಲ್ಲಿ ಒಂದು ರೈಲು ನಿಲ್ದಾಣ. ನಡುವಯಸ್ಸಿನ ಒಬ್ಬ ಹೆಂಗಸು ದಿನಾ ಕೇಕಿನ ಡಬ್ಬಿ ಹಿಡಿದು ಬಂದು ಬೆಂಚಿನ ಮೇಲೆ ಕೂಡುತ್ತಾಳೆ. ರೈಲು ಬರುತ್ತದೆ, ಹೋಗುತ್ತದೆ. ಅವಳ ಕೇಕನ್ನು ಒಮ್ಮೆ ನಾಯಿ ತಿನ್ನುತ್ತದೆ, ಒಮ್ಮೆ ಅದರ ಮೇಲೆ ದಪ್ಪ ಪಾದ್ರಿಯೊಬ್ಬ ಕೂತುಬಿಡುತ್ತಾನೆ. ಜನ ಚೆನ್ನಾಗಿ ನಗುತ್ತಿದ್ದರು. ನಾನೂ ಹುರುಪಿನಲ್ಲಿದ್ದೆ. ಆಗ ಸ್ಟೇಷನ್ ಮಾಸ್ತರ ಬಂದು ಅವಳ ಮುಂದೆ ನಿಂತು ಏನೋ ಕೇಳಿದ. "ಯಾರ ದಾರಿ ಕಾಯಾಕತ್ತೀರಿ ಅಮ್ಮಾರ?" ಅಂತ ನಾನು ಹೇಳಿದೆ. ಅದನ್ನು ಸರಿಯಾಗಿಯೇ ಓದಿದ್ದೆ. ಅವಳು ಉತ್ತರ ಕೊಟ್ಟಳು. ಅಕ್ಷರಗಳು ಬಿಳಿ, ಅವಳ ಕೋಟೂ ಬಿಳಿ. ಅಕ್ಷರ ಕೋಟಿನಲ್ಲಿ ಕರಗಿಹೋಯಿತು. ಒಂದು ಶಬ್ದವೂ ಸಿಗಲಿಲ್ಲ.

ನಾನು ನಿಂತೆ. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಹಿಂದಿನಿಂದ ಯಾರೋ "ಏನಂದ್ಳ್ರಿ ಮೇಡಂ?" ಅಂದರು. ಎರಡನೇ ಸಾಲಿನಲ್ಲಿ ಅಕ್ಕನ ಗದ್ದ ಮೇಲೆದ್ದಿತು.

ನನ್ನ ಬಾಯಿ ಹೇಳಿತು: "ಬಸ್ ತಪ್ಪಿರಬೇಕ್ರಿ, ನಾಳಿ ಬರ್ತಾನ."

ರೈಲು ನಿಲ್ದಾಣದಲ್ಲಿ ಕೂತವಳು ಬಸ್ಸಿನ ಮಾತಾಡುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಮೊದಲು ನಕ್ಕವಳು ಬೋನಾಳದಾಕೆ. ಆಮೇಲೆ ಸುರಪುರದ ಕಡೆಯವರೆಲ್ಲ ನಕ್ಕರು. ಅವರು ನಕ್ಕದ್ದು ನೋಡಿ ಹಾಲೆಲ್ಲ ನಕ್ಕಿತು. ಆ ಹಾಲಿನಲ್ಲಿ ಅಷ್ಟು ದೊಡ್ಡ ನಗೆಯನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ನಗುತ್ತ ನಗುತ್ತಲೇ ಕೆಲವರು ಹೊರಳಿ ಎರಡನೇ ಸಾಲಿನ ಕಡೆ ನೋಡಿದರು. ಪರದೆಯ ಬೆಳಕಿನಲ್ಲಿ ಅಕ್ಕನ ಮುಖ ಕಾಣುತ್ತಿತ್ತು. ಅವಳೂ ನಗುತ್ತಿದ್ದಳು. ಸೆರಗು ಬಾಯಿಗೆ ಹೋಗಿರಲಿಲ್ಲ. ನಗೆ ಇಳಿದು ಮುಂದಿನ ದೃಶ್ಯ ಬರುವಾಗ ಎದ್ದು, ಮಂದಿಯ ಮೊಣಕಾಲು ದಾಟಿಕೊಂಡು, ಬಾಗಿಲ ತಾಡಪತ್ರಿ ಸರಿಸಿ ಹೊರಗೆ ಹೋದಳು. ಒಂದು ಕ್ಷಣ ಬಿಸಿಲು ಒಳಗೆ ಬಂತು.

ನಾನು ಎದ್ದು ಹೋಗಲಿಲ್ಲ. ಇದನ್ನು ನಾನು ಬೇರೆ ಮಾಡಿ ಹೇಳಲಾರೆ. ಸಿನಿಮಾ ಇನ್ನೂ ಒಂದು ತಾಸು ಇತ್ತು. ಪೂರ್ತಿ ಹೇಳಿ ಮುಗಿಸಿದೆ. ಹೊರಗೆ ಬಂದಾಗ ಬೋನಾಳದಾಕೆ ಚಪ್ಪಲಿ ಹುಡುಕುತ್ತಿದ್ದಳು. "ಅಕ್ಕ ಮುಂದ ಹೋದ್ಳು, ತಲಿ ನೋಯಾಕತ್ತದಂತ," ಅಂದಳು. ನನ್ನ ಮುಖ ನೋಡಲಿಲ್ಲ.

ಮರುದಿನ ಕಚೇರಿ ಬಿಟ್ಟ ಮೇಲೆ ಸ್ಟುಡಿಯೋಕ್ಕೆ ಹೋಗಿ ಆ ಸಿನಿಮಾ ಹಾಕಿಸಿದೆ. ಆ ಜಾಗಕ್ಕೆ ಬಂದು ನಿಲ್ಲಿಸಿ, ಪರದೆಗೆ ಮುಖ ಹತ್ತಿರ ಮಾಡಿ, ಬೆಳಕು ಕಡಿಮೆ ಮಾಡಿಸಿ ನೋಡಿದೆ. ಅಕ್ಷರಗಳು ಮೆಲ್ಲಗೆ ಕಂಡವು. ಅವಳು ಯಾವ ನೆಪವನ್ನೂ ಹೇಳಿರಲಿಲ್ಲ. ಅವಳ ಉತ್ತರ ಇಷ್ಟೇ: ಯಾರ ದಾರಿಯನ್ನೂ ಕಾಯುತ್ತಿಲ್ಲ, ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ.

ಅಕ್ಕನಿಗೆ ಫೋನು ಮಾಡಿದೆ. ಎತ್ತಿದಳು, ಊಟ ಆಯಿತಾ ಎಂದು ಕೇಳಿದಳು, ನೀರು ಬಂದಾವ, ಹಿಡೀಬೇಕು ಎಂದು ಇಟ್ಟಳು. ಹೀಗೇ ನಾಲ್ಕು ದಿನ. ಮುಂದಿನ ಭಾನುವಾರ ರಂಗಂಪೇಟೆಗೆ ಹೋದೆ. ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ. ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ನಾನೂ ಕೈ ಹಾಕಿದೆ. ಬಹಳ ಹೊತ್ತು ಹರಳು ಆರಿಸಿದೆವು. ಆಮೇಲೆ ಅವಳೇ ಮಾತು ತೆಗೆದಳು.

"ಮೊನ್ನಿ ಶಾಲಿಗಿ ಸಿಲಿಂಡರ್ ಬರಲಿಲ್ಲ. ಹೆಡ್ ಮಾಸ್ತರ ಕೇಳಿದ್ರು, ಯಾಕ ಬರಲಿಲ್ಲಂತ. ಬೋನಾಳದಾಕಿ ಅಂದ್ಳು, ಬಸ್ ತಪ್ಪಿರಬೇಕ್ರಿ, ನಾಳಿ ಬರ್ತದಂತ. ಎಲ್ಲಾರೂ ನಕ್ರು."

ನಾನು ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದೆ.

"ಮಂದಿ ಮರ್ತಿದ್ರು ತಂಗಿ. ಹೊಸದಾಗಿ ಬಂದ ಮಾಸ್ತರಗೋಳಿಗಿ ಗೊತ್ತ ಇರಲಿಲ್ಲ. ಈಗ ಅವ್ರಿಗೂ ಹೇಳ್ಯಾರ."

"ಅಕ್ಕ, ಆ ಹೆಣ್ಮಗಳು ಹಂಗ ಅಂದೇ ಇಲ್ಲ."

"ಯಾವ ಹೆಣ್ಮಗಳು?"

"ಸಿನಿಮಾದಾಗಿನಾಕಿ. ಸ್ಟೇಷನ್ದಾಗ ಕುಂತಿದ್ಳಲ್ಲ."

"ಮತ್ತ ನೀ ಹಂಗಂದಿ?"

"ಅಲ್ಲಿ ಬರದಿದ್ದು ನನಗ ಓದಾಕ ಆಗ್ಲಿಲ್ಲ."

ಅವಳ ಕೈ ನಿಂತಿತು. ಅಲ್ಲಿಯವರೆಗೂ ಮೊರದಲ್ಲೇ ಇದ್ದ ಕಣ್ಣು ಎತ್ತಿ ನನ್ನನ್ನು ನೋಡಿದಳು. ಸಿಲಿಂಡರಿನ ಮಾತು ಹೇಳುವಾಗ ಇಲ್ಲದ ನೋವು ಆಗ ಅವಳ ಮುಖದಲ್ಲಿ ಕಂಡಿತು.

"ನಿನಗ ಓದಾಕ ಆಗ್ಲಿಲ್ಲ?"

"ಆಗ್ಲಿಲ್ಲ."

"ಹಂಗಿದ್ರ ಆಗಂಗಿಲ್ಲ ಅಂತ ಹೇಳ್ಬೇಕಿಲ್ಲೇನು?"

"ನೀ ನೋಡಾಕತ್ತಿದ್ದಿ."

ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿದಳು. ನಾನು ಅಳುತ್ತಿದ್ದೆ, ಅದನ್ನು ನೋಡಿಯೂ ನೋಡದಂತಿದ್ದಳು. ಆಮೇಲೆ ಕೇಳಿದಳು:

"ಖರೇನ ಏನಂದ್ಳು ಆಕಿ?"

"ಯಾರ ದಾರಿನೂ ಕಾಯಾಕತ್ತಿಲ್ಲ, ಇಲ್ಲಿ ಬಿಸಲು ಚಂದ ಬೀಳ್ತದ ಅಂದ್ಳು."

"ಬಿಸಲಾ?"

"ಆ ದೇಶದಾಗ ಥಂಡಿ ಭಾಳ ಅಕ್ಕ. ಬಿಸಲಿಗಿ ಕುಂತ್ರ ಅವ್ರಿಗಿ ಸುಖ."

"ಅಷ್ಟ ಅಂದ್ಳಾ?"

"ಅಷ್ಟ."

ಅಕ್ಕ ಅದನ್ನು ಬಾಯೊಳಗೇ ಒಂದು ಸಲ ಅಂದುಕೊಂಡಳು. ತುಟಿ ಅಲ್ಲಾಡಿದ್ದು ನನಗೆ ಕಂಡಿತು. "ನನಗ ಹಂಗ ಅನ್ನಾಕ ಹೊಳೀಲೇ ಇಲ್ಲ ನೋಡು," ಅಂದಳು. "ಕೇಳಿದವ್ರಿಗೆಲ್ಲ ಉತ್ತರಾ ಕೊಟಗೋತ ಕುಂತೆ. ಗಾಳಿಗಿ ಕುಂತೀನ್ರಿ ಅಂದಿದ್ರ ಮುಗೀತಿತ್ತು."

ಹೋಗುವ ಮೊದಲು ಕೇಳಿದೆ, ಮುಂದಿನ ತಿಂಗಳು ಬರುತ್ತೀಯಲ್ಲ ಅಂತ.

"ನೀ ಹೇಳ್ಕೋತ ಹೋಗು. ಬಿಡಬ್ಯಾಡ, ಮಂದಿ ಕೇಳ್ತಾರ. ನಾ ಬರಂಗಿಲ್ಲ."

"ಸಿಟ್ಟಾಗಿಯೇನು?"

"ಸಿಟ್ಟಿಲ್ಲ. ಅಲ್ಲಿ ನಕ್ಕೆನಲ್ಲ, ಅಷ್ಟು ನಗಾಕ ನನಗ ಇನ್ನೊಮ್ಮಿ ಆಗಂಗಿಲ್ಲ."

ಬೇಳೆಯಲ್ಲಿ ಅರ್ಧವನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

ಅದಾಗಿ ಒಂದು ವರ್ಷದ ಮೇಲಾಯಿತು. ಸಮಾಜ ನಡೆಯುತ್ತಿದೆ, ನಾನು ಮೈಕು ಹಿಡಿಯುತ್ತಿದ್ದೇನೆ. ಸಾಲಿನಲ್ಲಿ ಇದ್ದದ್ದನ್ನಷ್ಟೇ ಹೇಳುತ್ತೇನೆ. ಓದಲಾಗದಿದ್ದರೆ ಓದಾಕ ಆಗ್ಲಿಲ್ರಿ ಎಂದು ಹೇಳುತ್ತೇನೆ. ಮೊದಲ ಸಲ ಹಾಗೆ ಹೇಳಿದಾಗ ಡಿಗ್ರಿಯ ಕಾಗದವನ್ನು ಯಾರೋ ಕೈಯಿಂದ ಕಸಿದುಕೊಂಡಂತಾಯಿತು. ನಗೆ ಮೊದಲಿನಷ್ಟಿಲ್ಲ. ಮೇಡಂ ಯಾಕೋ ಸಪ್ಪಗಾಗ್ಯಾರ ಎಂದು ಅದೇ ಹಮಾಲರು ಸರ್ ಹತ್ತಿರ ಹೇಳಿದರಂತೆ. ಬೋನಾಳದಾಕೆಯೂ ಬರುವುದು ಬಿಟ್ಟಳು.

ಪ್ರತಿ ತಿಂಗಳು ಸಿನಿಮಾದ ಹಿಂದಿನ ದಿನ, ಶನಿವಾರ, ಅಕ್ಕನಿಗೆ ಫೋನು ಮಾಡಿ ನಾಳೆಯ ಸಿನಿಮಾದ ಕಥೆ ಹೇಳುತ್ತೇನೆ. ಕೇಳುತ್ತಾಳೆ. ನಡುನಡುವೆ ಹೂಂ ಅನ್ನುತ್ತಾಳೆ. ನಗುವ ಜಾಗ ಬಂದಾಗ ನಾನು ಸ್ವಲ್ಪ ನಿಂತು ಕಾಯುತ್ತೇನೆ. ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತದೆ, ಪಾತ್ರೆಯ ಸಪ್ಪಳ ಕೇಳಿಸುತ್ತದೆ. "ಹೇಳು, ಮುಂದೇನಾತು?" ಅನ್ನುತ್ತಾಳೆ. ನಾನು ಮುಂದಿನದು ಹೇಳುತ್ತೇನೆ.